ಹುಲ್ಲುಹಾಸಿನ ಕೆಳಗೆ ಕೇಳಿದ್ದು

ವರ್ತೂರಿನಲ್ಲಿ ನನ್ನ ಮೈಕ್‌ಸೆಟ್ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಸಾಮಾನುಗಳನ್ನೆಲ್ಲ ತಮ್ಮನ ಮಗನಿಗೆ ವಹಿಸಿ ನಾನು ಮನೆ ಸೇರಿಕೊಂಡೆ. ಆದರೂ ಈ ಲೈನಿಗೆ ಹೊಸದಾಗಿ ಬಂದ ಹುಡುಗರು ಆಗಾಗ ಬಾಗಿಲು ತಟ್ಟುತ್ತಾರೆ. "ಅಂಕಲ್, ಯಾವ ಮಿಕ್ಸರ್ ತಗೊಂಡ್ರೆ ಒಳ್ಳೇದು? ಕಾರ್ಡ್‌ಲೆಸ್ ಮೈಕ್ ಯಾವ್ದು?" ಎಂದು ಕೇಳುತ್ತಾರೆ. ಅವರ ಕೈಯಲ್ಲಿರುವ ಫೋನಿಗೆ ಆ ಉತ್ತರ ನನಗಿಂತ ಚೆನ್ನಾಗಿ ಗೊತ್ತು. ಅವರು ಕೇಳದ ವಿಷಯ ಬೇರೆ ಇದೆ. ಹೆಡ್‌ಫೋನ್ ಹಾಕಿಕೊಂಡು ಕೂತವನಿಗೆ ಸಭೆಯಲ್ಲಿ ಯಾರಿಗೂ ಕೇಳದ ಸದ್ದು ಕೇಳುತ್ತದೆ. ಕೇಳಿದ ಮೇಲೆ ಏನು ಮಾಡಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನನಗೆ ಒದಗಿದ್ದನ್ನು ಬರೆದಿಡುತ್ತೇನೆ.

ನನಗೆ ಕೆಲಸ ಕಲಿಸಿದವರು ಕಾಡುಗೋಡಿಯ ಬಾಷಾ ಸಾಬರು. ಸೈಕಲ್ ಕ್ಯಾರಿಯರಿಗೆ ಹಾರ್ನ್ ಸ್ಪೀಕರ್ ಕಟ್ಟಿಕೊಂಡು ಮದುವೆ ಮನೆಗಳಿಗೆ ಹೋಗುತ್ತಿದ್ದ ಕಾಲದಿಂದಲೂ ಅವರ ಜೊತೆಗಿದ್ದವನು ನಾನು. ಆಮೇಲೆ ಕಂಪನಿಗಳು ಬಂದವು. ತೆಂಗಿನ ತೋಟಗಳಿದ್ದಲ್ಲಿ ಗಾಜಿನ ಕಟ್ಟಡಗಳು ಎದ್ದವು. ಹಾರ್ನ್ ಹೋಗಿ ಕಪ್ಪು ಬಾಕ್ಸುಗಳು ಬಂದವು, ಕ್ಯಾಸೆಟ್ ಹೋಗಿ ಲ್ಯಾಪ್‌ಟಾಪ್ ಬಂತು. ನಾವು ಪ್ಯಾಂಟಿನೊಳಗೆ ಶರ್ಟು ಸಿಕ್ಕಿಸಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಒಳಗೆ ಹೋಗುವಂತಾಯಿತು. ಸಾಬರು ಮಾತ್ರ ಕೊನೆಯವರೆಗೂ ಲುಂಗಿ ಬಿಡಲಿಲ್ಲ. ಅವರನ್ನು ಗೇಟಿನಲ್ಲಿ ತಡೆದರೆ ನಾನೂ ಒಳಗೆ ಹೋಗುತ್ತಿರಲಿಲ್ಲ.

ಒಮ್ಮೆ ಪೀಣ್ಯದ ಒಂದು ಶೆಡ್ಡಿನಲ್ಲಿ ಆಯುಧಪೂಜೆ. ತಗಡು ಒತ್ತುವ ಕಾರ್ಖಾನೆ ಅದು. ಯಂತ್ರಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿದ್ದರು. ಮಾಲೀಕರ ಭಾಷಣಕ್ಕೆಂದು ಶೆಡ್ಡಿನ ಆ ತುದಿಯಿಂದ ಈ ತುದಿಗೆ ಕೇಬಲ್ ಎಳೆದಿದ್ದೆ. ಮೈಕ್ ಇನ್ನೂ ಸಿಕ್ಕಿಸಿರಲಿಲ್ಲ. ಆಂಪ್ಲಿಫೈಯರ್ ಹಾಕಿದ್ದೇ ತಡ, ಸ್ಪೀಕರಿನಿಂದ ಒಬ್ಬ ಗಂಡಸಿನ ದನಿ ಬಂತು. ಸಣ್ಣಗೆ, ಬಾವುಟದ ಬಟ್ಟೆ ಗಾಳಿಗೆ ಬಡಿದ ಹಾಗೆ ಕಡಿದು ಕಡಿದು, ತಮಿಳಿನಲ್ಲಿ ಏನೋ ಹೇಳುತ್ತಿತ್ತು. ಕೆಲಸಗಾರರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ನಿಂತರು. ಒಬ್ಬ ಮೆಲ್ಲಗೆ, "ಸೆಲ್ವಂ" ಎಂದ. ಹಿಂದಿನ ವರ್ಷ ಅಲ್ಲಿನ ದೊಡ್ಡ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಸತ್ತ ಹುಡುಗನ ಹೆಸರದು.

ಬಾಷಾ ಸಾಬರು ಬಂದು ಕೇಬಲ್ ಎತ್ತಿ ಸುತ್ತತೊಡಗಿದರು. ಸುತ್ತುತ್ತ ಬಂದ ಹಾಗೆ ದನಿ ಕ್ಷೀಣವಾಗಿ ನಿಂತುಹೋಯಿತು. "ರೇಡಿಯೋ ಸ್ಟೇಷನ್ನು. ವೈರು ಉದ್ದ ಆದ್ರೆ ಹಿಡೀತೈತೆ," ಎಂದರು. ಕೆಲಸಗಾರರು ತಲೆಯಾಡಿಸಿದರು. ಪ್ರೆಸ್ಸಿನ ಮುಂದೆ ಬೂದುಗುಂಬಳ ಒಡೆದಾದ ಮೇಲೆ ಅವರಲ್ಲೊಬ್ಬ ನನ್ನ ಹತ್ತಿರ ಬಂದು, "ಅಣ್ಣ, ಇನ್ನೊಂದ್ಸಲ ಆ ವೈರ್ ಹಾಕ್ತೀರಾ? ಅವ್ನು ಏನೋ ಹೇಳ್ತಿದ್ದ, ಪೂರ್ತಿ ಕೇಳ್ಸಲಿಲ್ಲ," ಎಂದ. ನಾನು ಸಾಬರ ಮುಖ ನೋಡಿದೆ. ಅವರು ಬೇಡವೆಂದು ಕಣ್ಣಲ್ಲೇ ಹೇಳಿದರು.

ಇನ್ನೊಮ್ಮೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಸಂತಾಪ ಸಭೆ. ಹೊಸೂರು ರಸ್ತೆಯಲ್ಲಿ ಅಪಘಾತದಲ್ಲಿ ತೀರಿಕೊಂಡ ಹೆಣ್ಣುಮಗಳು. ಅವಳ ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಕಾರ್ಯಕ್ರಮ ನಡೆಸುವ ಮ್ಯಾನೇಜರಿಗೆ ಎಲ್ಲವೂ ಮನಸ್ಸಿಗೆ ನಾಟುವಂತಿರಬೇಕೆಂಬ ಹಟ. ಆಫೀಸಿನ ಫೋನಿನಲ್ಲಿ ಉಳಿದಿದ್ದ ಅವಳ ದನಿಯನ್ನು ತಂದು, "ಇದನ್ನ ಸರ್ಪ್ರೈಸ್ ಆಗಿ ಹಾಕಿ," ಎಂದ. ಮನೆಯವರನ್ನು ಕೇಳಿದ್ದೀರಾ ಎಂದೆ. "ನೀವು ಬಟನ್ ಒತ್ತಿ ಸಾಕು," ಎಂದ. ನಾನು ಕೈ ಕಟ್ಟಿಕೊಂಡು ನಿಂತೆ. ಬಟನ್ ಅವನೇ ಒತ್ತಿದ. ಈಗ ಸೀಟಿನಲ್ಲಿಲ್ಲ, ವಾಪಸ್ ಬಂದ ಕೂಡಲೇ ಫೋನ್ ಮಾಡುತ್ತೇನೆ ಎಂದು ಆ ಹುಡುಗಿ ಇಂಗ್ಲಿಷಿನಲ್ಲಿ ನಗುನಗುತ್ತ ಹೇಳಿದಳು. ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎದ್ದು ನೇರ ಸ್ಪೀಕರಿನ ಹತ್ತಿರ ಹೋಗಿ, ಅದರ ಜಾಲರಿಯ ಮೇಲೆ ಅಂಗೈ ಇಟ್ಟು, "ಎಲ್ಲಿದೀಯೇ?" ಎಂದರು. ಉತ್ತರಕ್ಕಾಗಿ ಕಾದರು. ಸತ್ತವರ ದನಿಯನ್ನು ಅವರ ಮನೆಯವರನ್ನು ಕೇಳದೆ ಹಾಕಬೇಡಿ, ಯಾರು ಹೇಳಿದರೂ ಹಾಕಬೇಡಿ.

ಇವೆರಡಕ್ಕೂ ಹೇಗೋ ಒಂದು ಸಮಜಾಯಿಷಿ ಇದೆ. ಈಗ ಹೇಳುವುದಕ್ಕೂ ಇದೆ ಎಂದೇ ಇಟ್ಟುಕೊಳ್ಳಿ.

ವೈಟ್‌ಫೀಲ್ಡಿನ ಮಾಲುಗಳ, ಟೆಕ್ ಪಾರ್ಕುಗಳ ಹಿಂಬದಿಗೆ ಹಳೆಯ ವೈಟ್‌ಫೀಲ್ಡ್ ಒಂದಿದೆ. ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟಿಷರ ಕಾಲದಲ್ಲಿ ಒಂದು ವೃತ್ತದ ಸುತ್ತ ಹೆಂಚಿನ ಬಂಗಲೆಗಳನ್ನು ಕಟ್ಟಿಕೊಂಡು ನೆಲೆಸಿದ ಜಾಗ ಅದು. ಬಹುಪಾಲು ಬಂಗಲೆಗಳು ಹೋಗಿ ಅಪಾರ್ಟ್‌ಮೆಂಟ್ ಆದವು. ಉಳಿದ ಕೆಲವುಗಳಲ್ಲಿ ಒಂದರ ಗೇಟಿಗೆ ಪಾರಂಪರಿಕ ಕಟ್ಟಡ ಎಂಬ ಫಲಕ ಹಾಕಿದ್ದರು. ಅಲ್ಲಿ ಇಬ್ಬರು ಅಕ್ಕತಂಗಿಯರು ಇದ್ದರು. ಇಬ್ಬರೂ ಮದುವೆಯಾದವರಲ್ಲ. ತಂಗಿ ಡೋರಾ ಮೇಡಂ ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಪ್ಪತ್ತು ದಾಟಿದ್ದರೂ ಕಡ್ಡಿಯ ಹಾಗೆ ನೆಟ್ಟಗೆ ನಡೆಯುತ್ತಿದ್ದರು. ಅಕ್ಕ ಐವಿ ಮೇಡಂ ಎಂಬತ್ತರ ಹತ್ತಿರದವರು, ಕಿವಿಗೇ ಬಾಯಿಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು, ನೆನಪೂ ಹೋಗುತ್ತಿತ್ತು.

ಡೋರಾ ಮೇಡಂ ಪ್ರತಿ ವರ್ಷ ಹೊಂಗೆ ಚಿಗುರುವ ಹೊತ್ತಿಗೆ, ಯುಗಾದಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಬಂಗಲೆಯ ಮುಂದಿನ ಹುಲ್ಲುಹಾಸಿನ ಮೇಲೆ ಒಂದು ಚಾರಿಟಿ ಟೀ ಇಟ್ಟುಕೊಳ್ಳುತ್ತಿದ್ದರು. ಬಂದ ಹಣ ಹತ್ತಿರದ ಒಂದು ವೃದ್ಧಾಶ್ರಮಕ್ಕೆ. ಬಿಳಿ ಬಟ್ಟೆ ಹಾಸಿದ ಮೇಜುಗಳು, ಹೂವಿನ ಚಿತ್ರದ ಪಿಂಗಾಣಿ ಕಪ್ಪುಗಳು, ಸೌತೆಕಾಯಿ ಸ್ಯಾಂಡ್‌ವಿಚ್ಚು, ಕೇಕು. ಹಳೆಯ ಕುಟುಂಬಗಳವರು, ಸಾಫ್ಟ್‌ವೇರ್ ಕಂಪನಿಗಳ ದೊಡ್ಡವರು, ಕೆಲವು ವಿದೇಶಿಯರು ಬರುತ್ತಿದ್ದರು. ಭಾಷಣಕ್ಕೂ ಚರ್ಚಿನ ಮಕ್ಕಳ ಹಾಡಿಗೂ ಮೈಕ್ ಬೇಕೆಂದು ನನ್ನನ್ನು ಕರೆದರು.

ಮೊದಲ ವರ್ಷ. ಮಧ್ಯಾಹ್ನ ಇಳಿಬಿಸಿಲಿನಲ್ಲಿ ಹುಲ್ಲಿನ ಮೇಲೆ ಕೇಬಲ್ ಎಳೆಯುತ್ತಿದ್ದೆ. ನಡುವೆ ಬೆತ್ತದ ಕುರ್ಚಿಯಲ್ಲಿ ಐವಿ ಮೇಡಂ ಕೂತಿದ್ದರು. ಲೇಸಿನ ಕಾಲರಿನ ಫ್ರಾಕು, ಹತ್ತಿಯಂಥ ಕೂದಲು, ತಿಳಿನೀಲಿ ಕಣ್ಣು. ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಬರಿಗಾಲನ್ನು ಹುಲ್ಲಿನ ಮೇಲೆ ಊರಿದ್ದರು. ನಾನು ಹತ್ತಿರ ಹೋದೆ.

"ಮೆಲ್ಲಗೆ ಮೆಟ್ಟಪ್ಪ," ಎಂದರು. "ಕೆಳಗೆ ಚೆನ್ನಮ್ಮ ಅವ್ಳೆ."

ಕೇಬಲ್ ನನ್ನ ಕೈಯಿಂದ ಜಾರಿತು. ಮಾತಿನ ಅರ್ಥಕ್ಕಿಂತ ಮಾತು ಬಂದ ಬಗೆಗೆ ಹೆದರಿದೆ. ಅದು ನಮ್ಮ ವರ್ತೂರು ಕೆರೆ ಕಡೆಯ ಕನ್ನಡ. ನನ್ನ ಅಜ್ಜಿ ಸತ್ತ ಮೇಲೆ ಆ ರಾಗದಲ್ಲಿ ಯಾರೂ ಮಾತಾಡಿದ್ದನ್ನು ಕೇಳಿರಲಿಲ್ಲ. "ಏನಂದ್ರಿ ಅಮ್ಮ?" ಎಂದೆ. ಅವರಿಗೆ ಕೇಳಿಸಲಿಲ್ಲ. ಹುಲ್ಲನ್ನೇ ನೋಡುತ್ತಿದ್ದರು.

ಡೋರಾ ಮೇಡಂ ಬಂದರು. "ಹೆದರ್ಕೊಂಡ್ಯಾ ರಾಜು? ಇಂಗ್ಲಿಷ್ ಪೂರಾ ಮರ್ತ್‌ಬಿಟ್ಟಿದಾಳೆ ಪಾಪ. ಚಿಕ್ಕವಳಿದ್ದಾಗ ಆಯಾ ಹತ್ರ ಕಲಿತ ಕನ್ನಡ ಒಂದೇ ಉಳ್ಕೊಂಡಿದೆ. ನಂಗೇ ಅರ್ಧ ಅರ್ಥ ಆಗಲ್ಲ."

"ಚೆನ್ನಮ್ಮ ಅಂದ್ರೆ ಯಾರು ಮೇಡಂ?"

"ಅವಳೇ ಆಯಾ. ನಾನಾಗ ತೊಟ್ಟಿಲಲ್ಲಿದ್ದೆ. ಒಂದಿನ ಯಾರ್ಗೂ ಹೇಳದೆ ಊರಿಗೆ ಹೊರಟುಹೋದಳಂತೆ, ಡ್ಯಾಡಿ ಹೇಳ್ತಿದ್ರು. ಇವಳು ಅವಳನ್ನ ತುಂಬ ಹಚ್ಕೊಂಡಿದ್ದಳು. ದಿನಾ ಇಲ್ಲೇ ಕುರ್ಚಿ ಹಾಕ್ಬೇಕು. ಬೇರೆ ಕಡೆ ಹಾಕಿದ್ರೆ ಮಗು ಥರ ಅಳ್ತಾಳೆ."

ನಾನು ಕೇಬಲನ್ನು ಸುತ್ತು ಹಾಕಿ ಎಳೆದೆ. ಟೀ ಮುಗಿಯುವವರೆಗೂ ಐವಿ ಮೇಡಂ ಅಲ್ಲಿಂದ ಕದಲಲಿಲ್ಲ. ಅತಿಥಿಗಳು ಬಂದು ಅವರ ಕೆನ್ನೆಗೆ ಮುತ್ತಿಟ್ಟು ಹೋಗುತ್ತಿದ್ದರು. ಯಾರಾದರೂ ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ಹುಲ್ಲು ಚುಚ್ಚುತ್ತ ನಡೆದರೆ ಅವರ ಮುಖ ಹಿಂಡಿದ ಹಾಗಾಗುತ್ತಿತ್ತು.

ಮರುವರ್ಷ ಮತ್ತೆ ಕರೆ ಬಂತು. ಅಷ್ಟರಲ್ಲಿ ಪಕ್ಕದ ಬಂಗಲೆ ಮಾರಾಟವಾಗಿ, ಅಲ್ಲಿ ಅಪಾರ್ಟ್‌ಮೆಂಟಿನ ಬುನಾದಿಗೆಂದು ಆಳವಾಗಿ ತೋಡಿ, ಬಂದ ನೀರನ್ನು ಪಂಪು ಹಾಕಿ ಹೊರಗೆ ಬಿಡುತ್ತಿದ್ದರು. ಆ ದಿನ ಭಾನುವಾರವಾದ್ದರಿಂದ ಬಂಡೆ ಒಡೆಯುವ ಯಂತ್ರ ನಿಂತಿತ್ತು. ಬಾಷಾ ಸಾಬರೂ ಬಂದಿದ್ದರು. ಕೆಲಸ ಬಿಟ್ಟಿದ್ದರೂ ಬೇಸರವಾದಾಗ ನನ್ನ ವ್ಯಾನಿನಲ್ಲಿ ಬಂದು ಮಿಕ್ಸರ್ ಪಕ್ಕ ಕೂರುವುದು ಅವರ ರೂಢಿ.

ಮಕ್ಕಳ ಹಾಡಿಗೆ ಐವಿ ಮೇಡಂ ಕುರ್ಚಿಯ ಮುಂದೆಯೇ ಜಾಗ ಗೊತ್ತು ಮಾಡಿದ್ದರು. ಅಲ್ಲಿ ಗಿಡ್ಡನೆಯ ಸ್ಟ್ಯಾಂಡು ನಿಲ್ಲಿಸಿ ಮೈಕ್ ಹಾಕಿ ಬಂದೆ. ಅತಿಥಿಗಳು ಕಪ್ಪು ಹಿಡಿದು ಹರಟುತ್ತಿದ್ದರು. ನಾನು ಆ ಮೈಕನ್ನು ಸ್ಪೀಕರಿಗೆ ಬಿಡದೆ ಹೆಡ್‌ಫೋನಿನಲ್ಲಿ ಮಾತ್ರ ಕೇಳಿದೆ.

ಮೊದಲು ಹರಟೆಯ ಗುಜುಗುಜು. ಅದರ ಕೆಳಗೆ, ಡುಬ್. ಖಾಲಿ ಹಂಡೆಯನ್ನು ಒಳಗಿನಿಂದ ಯಾರೋ ಬೆರಳ ಗೆಣ್ಣಿನಲ್ಲಿ ತಟ್ಟಿದ ಹಾಗೆ. ಸುಮ್ಮನಾಯಿತು. ಆಮೇಲೆ ಐವಿ ಮೇಡಂ ದನಿ: "ಊಂ."

ಮತ್ತೆ ಡುಬ್ ಎಂದಿತು. ಈ ಸಲ ಅದರ ಹಿಂದೆಯೇ ಉದ್ದನೆಯ ಉಸಿರಿನಂಥದ್ದೊಂದು ಕೇಳಿತು. "ಇಲ್ಲೇ ಇವ್ನಿ ಕಣೆ," ಎಂದರು ಐವಿ ಮೇಡಂ.

ನಾನು ಹೆಡ್‌ಫೋನ್ ತೆಗೆದೆ. ಬರಿಗಿವಿಗೆ ಕಪ್ಪುಬಸಿಗಳ ಸದ್ದು, ನಗು ಬಿಟ್ಟರೆ ಏನೂ ಇಲ್ಲ. ಐವಿ ಮೇಡಂ ಕಿವಿಗೇ ಬಾಯಿಟ್ಟು ಕೂಗದ ಹೊರತು ಏನೂ ಕೇಳದವರು. ಮತ್ತೆ ಹಾಕಿಕೊಂಡೆ. ಸದ್ದು, ಅವರ ಉತ್ತರ. ಸದ್ದು, ಅವರ ಉತ್ತರ. ಅವರು ಮಾತಾಡುವಾಗ ಅದು ನಡುವೆ ಬಾಯಿ ಹಾಕುತ್ತಿರಲಿಲ್ಲ. ಹೆಡ್‌ಫೋನನ್ನು ಸಾಬರ ಕಿವಿಗೆ ಹಾಕಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. ಕಣ್ಣು ಬಿಟ್ಟಾಗ ಅವರ ಮುಖ ನಾನು ಎಂದೂ ನೋಡದ ಹಾಗಿತ್ತು. "ನೀರೈತೆ ಕೆಳಗೆ. ನೆಲ ಪೂರಾ ಖಾಲಿ ಐತೆ. ಮಣ್ಣು ಉದುರ್ತಾ ಐತೆ ನೀರಿಗೆ. ಜನಾನ ಎಬ್ಬಿಸು ಬೇಟಾ. ಓಡಬೇಡ, ಕೂಗಬೇಡ. ಮೇಡಮ್ಮನ್ನ ಕರಿ."

ಡೋರಾ ಮೇಡಂ ಮೊದಲು ನಂಬಲಿಲ್ಲ. "ಪಕ್ಕದ್ದು ಪಂಪಿನ ಸದ್ದು ಇರ್ಬೇಕು ರಾಜು," ಎಂದು ನಗುತ್ತಲೇ ಹೆಡ್‌ಫೋನ್ ಹಾಕಿಕೊಂಡರು. ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. "ಈ ಕಾಂಪೌಂಡಲ್ಲಿ ಒಂದು ಬಾವಿ ಇತ್ತು ಅಂತ ಮಮ್ಮಿ ಸಾಯೋ ಮುಂಚೆ ಹೇಳಿದ್ಲು," ಎಂದರು. "ಎಲ್ಲಿ ಅಂತ ಕೇಳಿದ್ರೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು."

ಆಮೇಲೆ ಅವರು ಮಾಡಿದ್ದನ್ನು ನೀವು ನೋಡಬೇಕಿತ್ತು. ಭಾಷಣದ ಮೈಕ್ ಹಿಡಿದು, ಬಿಸಿಲು ಜೋರಾಗಿದೆ, ಕೇಕನ್ನು ವರಾಂಡದಲ್ಲಿ ಕತ್ತರಿಸುತ್ತೇವೆ, ಮಕ್ಕಳು ಮೊದಲು, ಎಲ್ಲರೂ ದಯವಿಟ್ಟು ಮೇಲೆ ಬನ್ನಿ ಎಂದು ಅಷ್ಟೇ ಲವಲವಿಕೆಯಿಂದ ಇಂಗ್ಲಿಷಿನಲ್ಲಿ ಹೇಳಿದರು. ಅತಿಥಿಗಳು ಕಪ್ಪು ಬಸಿ ಹಿಡಿದು, ಹರಟುತ್ತ, ಹುಲ್ಲಿನ ಮೇಲೆ ನಡೆದು ವರಾಂಡ ಸೇರಿದರು. ಒಬ್ಬೊಬ್ಬರ ಹೆಜ್ಜೆಯೂ ನನ್ನ ಹೆಡ್‌ಫೋನಿನಲ್ಲಿ ತಮಟೆಯ ಹಾಗೆ ಕೇಳುತ್ತಿತ್ತು.

ಐವಿ ಮೇಡಂ ಏಳಲಿಲ್ಲ. ತಂಗಿ ಎಬ್ಬಿಸಲು ಹೋದರೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. "ನಾ ಬರಾಕಿಲ್ಲ. ನಾನೋದ್ರೆ ಅವ್ಳೊಬ್ಳೇ ಆಗ್ತಾಳೆ."

ಡೋರಾ ಮೇಡಂ ನನ್ನ ಕಡೆ ನೋಡಿದರು. "ಅವಳ ಥರ ಮಾತಾಡೋಕೆ ನಿಂಗೆ ಬರುತ್ತಲ್ಲಾ ರಾಜು. ಏನಾದ್ರೂ ಹೇಳು. ಪ್ಲೀಸ್."

ನಾನು ಹೋದೆ. ಹುಲ್ಲಿನ ಮೇಲೆ ಮಂಡಿಯೂರುವಾಗ ನೆಲ ಹಾಸಿಗೆಯ ಹಾಗೆ ಒಂದಿಷ್ಟು ಕೆಳಗೆ ಹೋಗಿ ನಿಂತಿತು. ಅವರ ಕಿವಿಗೆ ಬಾಯಿಟ್ಟು, ನನ್ನ ಅಜ್ಜಿಯ ಮಾತನ್ನು ನೆನಪು ಮಾಡಿಕೊಂಡು ಜೋರಾಗಿ ಹೇಳಿದೆ: "ಚೆನ್ನಮ್ಮನೇ ಅಂದ್ಲು ಕಣವ್ವ. ಮೊಗಾನ ಎತ್ಕೊಂಡು ಮನೆ ಒಳಕ್ಕೋಗು ಅಂದ್ಲು."

ಅವರು ತಿರುಗಿ ನನ್ನ ಮುಖ ನೋಡಿದರು. ಆ ನೀಲಿ ಕಣ್ಣುಗಳಲ್ಲಿ ಇದ್ದದ್ದು ಏಳೆಂಟು ವರ್ಷದ ಹುಡುಗಿ. "ಅಂಗಂದ್ಲಾ?"

"ಅಂದ್ಲು."

"ನಾನು ಯಾರ್ಗೂ ಏಳ್ಲಿಲ್ಲ ಅಂತ ಅವ್ಳಿಗೆ ಕ್ವಾಪ ಇಲ್ವಾ?"

ಏನನ್ನು ಹೇಳಲಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಕೇಳುವಷ್ಟು ಹೊತ್ತೂ ಇರಲಿಲ್ಲ. "ಇಲ್ಲ ಕಣವ್ವ," ಎಂದೆ.

ಅವರು ಎರಡೂ ಕೈ ಮೇಲೆತ್ತಿದರು. ಎತ್ತಿಕೊಂಡೆ. ಒಣಗಿದ ಬಟ್ಟೆಯ ಗಂಟಿನಷ್ಟೂ ಭಾರವಿರಲಿಲ್ಲ. ವರಾಂಡದ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನಿಂದ ದೊಡ್ಡ ಪ್ರಾಣಿಯೊಂದು ನಿಟ್ಟುಸಿರು ಬಿಟ್ಟ ಹಾಗೆ ಸದ್ದಾಯಿತು. ತಿರುಗಿದೆ. ಬೆತ್ತದ ಕುರ್ಚಿ ಇರಲಿಲ್ಲ. ಅದಿದ್ದಲ್ಲಿ ಕಪ್ಪು ಗುಂಡಿ. ನಾವು ನೋಡುತ್ತಿದ್ದ ಹಾಗೆ ಅದರ ಅಂಚು ಕಳಚುತ್ತ ಅಗಲವಾಗಿ, ಬಿಳಿ ಬಟ್ಟೆಯ ಒಂದು ಮೇಜು ಕಪ್ಪುಬಸಿಗಳ ಸಮೇತ ಬಾಗಿ ಒಳಗೆ ಹೋಯಿತು.

ಯಾರೂ ಕಿರುಚಲಿಲ್ಲ. ಏಕೆಂದರೆ ಅದಕ್ಕೂ ಮೊದಲು ಇನ್ನೊಂದು ಆಯಿತು. ಮಕ್ಕಳ ಹಾಡಿಗೆ ಇಟ್ಟ ಮೈಕ್ ಗುಂಡಿಗೆ ಬಿದ್ದಿತ್ತು. ಕೇಬಲ್ ಅದನ್ನು ನೀರಿನ ಮೇಲೆ ಹಿಡಿದು ತೂಗಾಡಿಸುತ್ತಿತ್ತು. ಗಾಬರಿಯಲ್ಲಿ ಯಾರ ಕೈ ತಗುಲಿತೋ, ಆ ಮೈಕ್ ಈಗ ಸ್ಪೀಕರಿಗೆ ಬಿಟ್ಟುಕೊಂಡಿತ್ತು. ತೋಟದ ನಾಲ್ಕೂ ಮೂಲೆಯ ಬಾಕ್ಸುಗಳಿಂದ ಬಾವಿಯ ಒಳಗಿನ ಸದ್ದು ಬಂಗಲೆಯ ಮೇಲೆಲ್ಲ ಹರಡಿತು. ನೀರು ಕಲ್ಲಿಗೆ ಬಡಿಯುವ ಸದ್ದು. ಹನಿ. ಅಷ್ಟು ವರ್ಷ ಮುಚ್ಚಿಟ್ಟ ಗಾಳಿ ಹೊರಗೆ ಬರುವ ಸದ್ದು.

ನನ್ನ ತೋಳಿನಲ್ಲಿದ್ದ ಐವಿ ಮೇಡಂ ಗುಂಡಿಯ ಕಡೆ ತಿರುಗಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದರು: "ಚೆನ್ನಮ್ಮಾ!"

ಕೂಗು ಬಾವಿಗೆ ಇಳಿಯಿತು, ಕಲ್ಲಿನಿಂದ ಕಲ್ಲಿಗೆ ತಾಗಿತು, ಮೈಕಿನಲ್ಲಿ ಹೊಕ್ಕು ನಾಲ್ಕು ಕಡೆಯಿಂದ ನಮ್ಮ ಮೇಲೆ ವಾಪಸ್ ಬಂತು. "ಮ್ಮಾ... ಮ್ಮಾ..." ಬರುವಷ್ಟರಲ್ಲಿ ಅದು ಅವರ ದನಿಯಾಗಿ ಉಳಿದಿರಲಿಲ್ಲ. ಯಾರೋ ದೊಡ್ಡ ಹೆಂಗಸು ಓಗೊಟ್ಟ ಹಾಗಿತ್ತು. ಬಾಷಾ ಸಾಬರು ಪವರ್ ವೈರನ್ನೇ ಕಿತ್ತರು. ಆಮೇಲೆ ಮಕ್ಕಳು ಅಳತೊಡಗಿದವು.

ಅಗ್ನಿಶಾಮಕದವರು ಬಂದರು. ತೊಲೆಗಳ ಮೇಲೆ ಚಪ್ಪಡಿ ಹಾಸಿ, ಮೇಲೆ ಮಣ್ಣು ಹರಡಿ ಮುಚ್ಚಿದ ಕಲ್ಲು ಕಟ್ಟಡದ ಬಾವಿ ಅದು. ತೊಲೆಗಳು ಗೆದ್ದಲು ತಿಂದು ಟೊಳ್ಳಾಗಿದ್ದವು, ಪಕ್ಕದಲ್ಲಿ ತೋಡಿದ್ದರಿಂದ ಅಲುಗಿದ್ದವು ಎಂದರು. ನೀರು ಖಾಲಿ ಮಾಡಿಸಿ ಮೇಜು, ಕುರ್ಚಿ ಎತ್ತುವಾಗ ಕೆಸರಿನಲ್ಲಿ ಮನುಷ್ಯರ ಮೂಳೆಗಳು ಸಿಕ್ಕವು. ಒಂದು ಕಾಲ್ಬೆರಳ ಮೂಳೆಯಲ್ಲಿ ಇನ್ನೂ ಬೆಳ್ಳಿಯ ಕಾಲುಂಗುರ ಇತ್ತು.

ಪೊಲೀಸರು ಬಂದರು. ಐವಿ ಮೇಡಂ ಮಾತು ತಿಳಿಯುವವನೆಂದು ನನ್ನನ್ನೂ ಕೂರಿಸಿಕೊಂಡರು. ಮಹಿಳಾ ಪೇದೆಯೊಬ್ಬರು ಅವರ ಕೈ ಹಿಡಿದು ಎಷ್ಟು ಬಗೆಯಲ್ಲಿ ಕೇಳಿದರೂ ಒಂದೇ ಉತ್ತರ: "ಅಪ್ಪ ಬಾಯಿ ಮುಚ್ಚು ಅಂದ್ರು. ಮುಚ್ದೆ." ಚೆನ್ನಮ್ಮ ಕಾಲು ಜಾರಿ ಬಿದ್ದಳೋ, ತಾನಾಗಿ ಹಾರಿದಳೋ, ಬೇರೆ ಏನಾಯಿತೋ ಹೇಳುವವರು ಯಾರೂ ಉಳಿದಿರಲಿಲ್ಲ. ಸ್ವಲ್ಪ ದಿನಕ್ಕೆ ಪೊಲೀಸರು ವಿಚಾರಣೆ ಮುಗಿಸಿದರು.

ನೆಲ ಕುಸಿದ ದಿನ ಸಂಜೆ ಎಲ್ಲರೂ ಹೋದ ಮೇಲೆ ಡೋರಾ ಮೇಡಂ ವರಾಂಡದ ಮೆಟ್ಟಿಲ ಮೇಲೆ ಕೂತಿದ್ದರು. "ಈ ಹುಲ್ಲಿನ ಮೇಲೆ ನಾನು ಎಷ್ಟು ವರ್ಷ ಟೀ ಕೊಟ್ಟೆ ರಾಜು," ಎಂದರು. "ಎಷ್ಟು ಜನ ನಗ್ತಾ ಓಡಾಡಿದ್ರು. ಅವಳೊಬ್ಬಳು ಮೆಲ್ಲಗೆ, ಮೆಲ್ಲಗೆ ಅಂತಿದ್ಳು. ಹುಚ್ಚು ಅಂದ್ಕೊಂಡೆ."

ವ್ಯಾನಿನಲ್ಲಿ ಬರುತ್ತ ನಾನು ಸಾಬರನ್ನು ಕೇಳಿದೆ, ಕಿವಿ ಹೋದ ಐವಿ ಮೇಡಂಗೆ ಆ ಸದ್ದು ಹೇಗೆ ಕೇಳಿತು ಎಂದು. "ಬರಿಗಾಲು ನೋಡ್ಲಿಲ್ವಾ? ಕಿವಿ ಹೋದೋರು ಕಾಲಲ್ಲಿ ಕೇಳ್ತಾರೆ," ಎಂದರು. ಇರಬಹುದು. ಆದರೆ ಅವರು ಉತ್ತರ ಕೊಟ್ಟು ಮುಗಿಸುವವರೆಗೂ ಮಣ್ಣು ಉದುರದೆ ಯಾಕೆ ಕಾಯುತ್ತಿತ್ತು ಎಂದು ನಾನು ಕೇಳಲಿಲ್ಲ. ಸಾಬರೂ ಕಾಡುಗೋಡಿ ಬರುವವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದರು.

ಚೆನ್ನಮ್ಮನ ಕಡೆಯವರನ್ನು ಹುಡುಕಿಕೊಡು ಎಂದು ಡೋರಾ ಮೇಡಂ ನನ್ನನ್ನೇ ಕೇಳಿದರು. ಮಾತು ನಮ್ಮ ಕೆರೆ ಕಡೆಯದು ಎಂಬುದೊಂದೇ ಗುರುತು. ನಮ್ಮ ಸೋದರತ್ತೆಯನ್ನು ವಿಚಾರಿಸಿದೆ. "ದೊರೆ ಬಂಗ್ಲೆಗೆ ಹಾಲು ಕುಡಿಸಾಕೆ ಹೋಗ್ತಿದ್ಲಲ್ಲ, ಅವ್ಳಾ? ಬಟ್ಲರ್ ಜೊತೆ ಓಡೋದ್ಲು ಅಂತಿದ್ರಪ್ಪ. ಅವಳ ಮಗಳು ಮುನಿಯಮ್ಮ ಇನ್ನೂ ಬದ್ಕವ್ಳೆ," ಎಂದರು.

ಮುನಿಯಮ್ಮನ ಮನೆ ಕೆರೆ ಏರಿಯ ಈಚೆಗೆ. ಹೊಲವಿದ್ದ ಜಾಗದಲ್ಲಿ ಮಕ್ಕಳು ಬಾಡಿಗೆಗೆಂದು ಎತ್ತರದ ಕಟ್ಟಡ ಕಟ್ಟಿದ್ದರು. ಮುದುಕಿ ಕೆಳಗಿನ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕೆರೆಯ ನಾತ ಬೀದಿಯೆಲ್ಲ ಹಬ್ಬಿತ್ತು. ನಾನು ಪಕ್ಕದಲ್ಲಿ ಕೂತು ನಿಧಾನವಾಗಿ ಎಲ್ಲ ಹೇಳಿದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಹೇಳಿ ಮುಗಿಸಿದ ಮೇಲೆ ಕೇಳಿದಳು:

"ಅಂಗಾದ್ರೆ ಓಡೋಗ್ಲಿಲ್ವಾ?"

"ಇಲ್ಲ ಅಜ್ಜಿ. ಅಲ್ಲೇ ಇದ್ರು."

"ನನ್ ಮದ್ವೇಲಿ ಬೀಗ್ರು ಅಂದ್ರು, ಓಡೋದವಳ ಮಗಳು ಅಂತ. ನಮ್ಮೆಜಮಾನ ಸಾಯೋವರ್ಗೂ ಅಂದ. ನಾನೂ ಅಂದೆ ಕಣಪ್ಪ. ನಾನೇ ಬೈದಿವ್ನಿ ಅವ್ಳನ್ನ, ದಿನಾ." ಬಿಡಿಸಿದ ಕಾಳು, ಸಿಪ್ಪೆ ಎಲ್ಲವೂ ಅ‌ವಳ ಮಡಿಲಿನಲ್ಲಿ ಬೆರೆತುಹೋಗಿದ್ದವು. "ಆ ಮಕ್ಕಳಿಗೆ ಹಾಲು ಕುಡಿಸಾಕೆ ಅಂತ ನನ್ನನ್ನ ನಮ್ಮಜ್ಜಿ ಹತ್ರ ಬಿಟ್ಟೋಗಿದ್ಲು. ನಂಗೆ ಅವಳ ಮೊಕಾನೇ ನೆಪ್ಪಿಲ್ಲ."

ಮೂಳೆಗಳನ್ನು ಪೊಲೀಸರಿಂದ ಪಡೆದು ಊರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಡೋರಾ ಮೇಡಂ ಬಂದು ಎಲ್ಲರ ಹಿಂದೆ ಕೊಡೆ ಹಿಡಿದು ನಿಂತಿದ್ದರು. ಮುನಿಯಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಆ ಹಕ್ಕಿತ್ತು. ಮೇಡಂ ಏನೋ ಹೇಳಲು ಮುಂದೆ ಬಂದವರು ಹಾಗೆಯೇ ಹಿಂದೆ ಸರಿದರು.

ಮುಂದಿನ ವರ್ಷ ಹೊಂಗೆ ಮತ್ತೆ ಚಿಗುರಿತು. ಟೀ ನಿಲ್ಲಿಸುತ್ತಾರೆಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಈ ಸಲ ಮೈಕ್‌ಸೆಟ್ ಬೇಡವೆಂದೂ, ನಾನು, ಬಾಷಾ ಸಾಬರು ಅತಿಥಿಗಳಾಗಿ ಬರಬೇಕೆಂದೂ ಡೋರಾ ಮೇಡಂ ಫೋನ್ ಮಾಡಿದರು. ಮುನಿಯಮ್ಮನ ಮನೆಗೆ ಅವರೇ ಹೋಗಿ ಕರೆದಿದ್ದರಂತೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳಂತೆ.

ಬಾವಿಗೆ ಕಲ್ಲಿನ ಕಟ್ಟೆ ಕಟ್ಟಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿದ್ದರು. ಮೇಜುಗಳು ಈಗ ಬೇಲಿಯ ಕಡೆಗಿದ್ದವು. ಬಂದವರು ಕಡಿಮೆ. ಮೈಕ್ ಇಲ್ಲದ್ದರಿಂದ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದರು. ಐವಿ ಮೇಡಂ ಕಟ್ಟೆಯ ಪಕ್ಕ ಗಾಲಿಕುರ್ಚಿಯಲ್ಲಿದ್ದರು. ಪೊಲೀಸರು ಬಂದುಹೋದ ಮೇಲೆ ಅವರು ಯಾರೊಂದಿಗೂ ಮಾತಾಡಿರಲಿಲ್ಲ ಎಂದು ತಂಗಿ ಹೇಳಿದರು. ನಾನು ಹೂವಿನ ಕಪ್ಪಿನಲ್ಲಿ ಟೀ ಹಿಡಿದು, ಕುಡಿಯಲು ಮುಜುಗರಪಡುತ್ತ ನಿಂತಿದ್ದೆ.

ಗೇಟಿನಲ್ಲಿ ಕಾರು ನಿಂತಿತು. ಮೊಮ್ಮಗನ ಕೈ ಹಿಡಿದು ಮುನಿಯಮ್ಮ ಇಳಿದಳು. ಹಸಿರು ಸೀರೆ, ತಲೆ ತುಂಬ ಬಿಳಿ ಕೂದಲು. ಯಾರನ್ನೂ ನೋಡದೆ ನೇರ ಬಾವಿಯ ಹತ್ತಿರ ಹೋಗಿ, ಜಾಲರಿ ಹಿಡಿದು ಒಳಗೆ ಬಗ್ಗಿ ನೋಡಿದಳು. ಆಮೇಲೆ ಅವಳು ತಿರುಗಿದಾಗ ಎದುರಿಗೆ ಐವಿ ಮೇಡಂ ಇದ್ದರು. ಅವರು ಮುನಿಯಮ್ಮನ ಮುಖವನ್ನು ಎಷ್ಟೋ ಹೊತ್ತು ನೋಡಿದರು. ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಸಡಿಲವಾದವು.

"ಚೆನ್ನಮ್ಮ," ಎಂದರು. ಆಮೇಲೆ, ತುಂಬ ಸಣ್ಣ ದನಿಯಲ್ಲಿ, "ನೀರು ತಣ್ಣಗಿತ್ತಾ?"

ಡೋರಾ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಮುನಿಯಮ್ಮನ ಮೊಮ್ಮಗ ಅಜ್ಜಿಯನ್ನು ಕರೆದುಕೊಂಡು ಹೋಗಲು ಒಂದು ಹೆಜ್ಜೆ ಮುಂದೆ ಬಂದ. ಮುದುಕಿ ಅವನನ್ನು ಕೈಸನ್ನೆಯಲ್ಲೇ ತಡೆದಳು. ಕಟ್ಟೆಯ ಮೇಲೆ ಕೂತು, ಐವಿ ಮೇಡಂ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅವರ ಕಿವಿಯ ಹತ್ತಿರ ಬಗ್ಗಿದಳು.

"ಇತ್ತು ಕಣ್ ಮಗಾ. ಈಗ ಬಿಸ್ಲಾಗೆ ಕುಂತಿವ್ನಲ್ಲ, ಸರೋಯ್ತು."